ಓದುಗರ ಪ್ರಶ್ನೆ: ಬ್ಯಾಟರಿಯ ಎಲೆಕ್ಟ್ರೋಡಿಗೆ ಸೂಜಿಮೊನೆಯ ಸೂಕ್ಷ್ಮದರ್ಶಕವೇಕೆ?

ಪ್ರಶ್ನೆ: ನಾನು ಭೌತವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿ. ಲಿಥಿಯಂ ಅಯಾನ್ ಬ್ಯಾಟರಿಯ ಎಲೆಕ್ಟ್ರೋಡುಗಳನ್ನು ಸೂಜಿಮೊನೆಯ ಸೂಕ್ಷ್ಮದರ್ಶಕದಿಂದ ಪರೀಕ್ಷಿಸುತ್ತಾರೆಂದು ಉಪನ್ಯಾಸವೊಂದರಲ್ಲಿ ಕೇಳಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇರುವಾಗ ಇದೇಕೆ ಬೇಕು? ನಮ್ಮ ಮನೆಯ ವಿದ್ಯುತ್ ಸ್ಕೂಟರಿನ ಹಳೆಯ ಬ್ಯಾಟರಿ ಏಕೆ ಸೊರಗಿತೆಂದು ಇದರಿಂದ ತಿಳಿಯಬಹುದೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಸೂಜಿಮೊನೆಯ ಸೂಕ್ಷ್ಮದರ್ಶಕವೆಂದರೆ ಅತಿ ಚೂಪಾದ ಸೂಜಿಯನ್ನು ಮೇಲ್ಮೈಯ ಮೇಲೆ ಆಡಿಸಿ ಅದರ ಏರಿಳಿತವನ್ನು ಚಿತ್ರವಾಗಿಸುವ ಉಪಕರಣ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕಾದರೆ ಸಾಮಾನ್ಯವಾಗಿ ನಿರ್ವಾತ ಬೇಕು. ಬ್ಯಾಟರಿಯೊಳಗೆ ಎಲೆಕ್ಟ್ರೋಡುಗಳ ನಡುವೆ ಅಯಾನುಗಳನ್ನು ಸಾಗಿಸುವ ಎಲೆಕ್ಟ್ರೋಲೈಟ್ ದ್ರವ ನಿರ್ವಾತದಲ್ಲಿ ಆವಿಯಾಗುವುದರಿಂದ ಎಲೆಕ್ಟ್ರೋಡನ್ನು ಹೊರತೆಗೆದು, ತೊಳೆದು, ಒಣಗಿಸಿ ನೋಡಬೇಕಾಗುತ್ತದೆ. ಅಷ್ಟರಲ್ಲಿ ಅದರ ಮೇಲ್ಮೈ ಬದಲಾಗಿರಬಹುದು. ಸೂಜಿಮೊನೆಯಾದರೋ ದ್ರವದಲ್ಲಿ ಮುಳುಗಿದ ಎಲೆಕ್ಟ್ರೋಡನ್ನು ಅದು ಚಾರ್ಜ್ ಆಗುತ್ತಿರುವಾಗಲೇ ತಡವಿ ನೋಡಬಲ್ಲುದು. ನನ್ನ ದೃಷ್ಟಿಯಲ್ಲಿ ಇದೇ ಅದರ ಹೆಚ್ಚುಗಾರಿಕೆ.

1981ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ ರೂಪಿಸಿದ ಈ ಬಗೆಯ ಮೊದಲ ಉಪಕರಣ ವಿದ್ಯುತ್ ಹರಿಯುವ ಮೇಲ್ಮೈಗಳಿಗಷ್ಟೇ ಒದಗುತ್ತಿತ್ತು. 1986ರಲ್ಲಿ ಬಿನ್ನಿಗ್, ಕ್ವೇಟ್ ಮತ್ತು ಗರ್ಬರ್ ಪ್ರಕಟಿಸಿದ, ಸೂಜಿ ಮತ್ತು ಮೇಲ್ಮೈಗಳ ನಡುವಿನ ಬಲವನ್ನು ಗ್ರಹಿಸುವ ಪರಮಾಣು ಬಲ ಸೂಕ್ಷ್ಮದರ್ಶಕ ಆ ಮಿತಿಯನ್ನು ದಾಟಿತು. ಅದೇ ವರ್ಷದ ಭೌತವಿಜ್ಞಾನದ ನೊಬೆಲ್ ಬಹುಮಾನವನ್ನು ಬಿನ್ನಿಗ್ ಮತ್ತು ರೋರರ್ ಅವರೊಂದಿಗೆ ಹಂಚಿಕೊಂಡವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅರ್ನ್ಸ್ಟ್ ರುಸ್ಕಾ ಎಂಬುದನ್ನೂ ನೆನೆಯಬೇಕು.

ಬ್ಯಾಟರಿಯ ವಿಷಯದಲ್ಲಿ ಈ ಸೂಜಿ ಹೆಚ್ಚು ಕಲಿಸಿರುವುದು ಗ್ರಾಫೈಟ್ ಆನೋಡಿನ (ಋಣ ಎಲೆಕ್ಟ್ರೋಡಿನ) ಮೇಲೆ ಮೂಡುವ ತೆಳುಪೊರೆಯ ಬಗ್ಗೆ. ಮೊದಲ ಚಾರ್ಜಿನಲ್ಲಿ ಎಲೆಕ್ಟ್ರೋಲೈಟ್ ಒಡೆದು ಹುಟ್ಟುವ ಈ ಪೊರೆ ಲಿಥಿಯಂ ಅಯಾನುಗಳಿಗೆ ದಾರಿ ಬಿಡುತ್ತದೆ, ಎಲೆಕ್ಟ್ರಾನುಗಳನ್ನು ತಡೆಯುತ್ತದೆ. ಬ್ಯಾಟರಿ ವರ್ಷಗಟ್ಟಲೆ ಬಾಳುವುದು ಇದು ಗಟ್ಟಿಯಾಗಿ ನಿಂತಾಗ ಮಾತ್ರ. ಸೂಜಿಯನ್ನು ಬಲವಾಗಿ ಒತ್ತಿ ಪೊರೆಯಲ್ಲಿ ಪುಟ್ಟ ಚೌಕವೊಂದನ್ನು ಕೆರೆದು, ಬಳಿಕ ಒತ್ತಡ ತಗ್ಗಿಸಿ ಸುತ್ತಲಿನ ಪ್ರದೇಶವನ್ನೆಲ್ಲ ಸ್ಕ್ಯಾನ್ ಮಾಡಿದರೆ, ಆ ಗುಂಡಿಯ ಆಳವೇ ಪೊರೆಯ ದಪ್ಪವನ್ನು ನ್ಯಾನೋಮೀಟರ್ ಲೆಕ್ಕದಲ್ಲಿ ತಿಳಿಸುತ್ತದೆ. ಒತ್ತಿದಾಗ ಪೊರೆ ಎಷ್ಟು ಮಣಿಯುತ್ತದೆ ಎಂಬುದರಿಂದ ಅದು ಮೆದುವೋ ಗಡುಸೋ ಎಂದೂ ಗೊತ್ತಾಗುತ್ತದೆ. ಸಿಲಿಕಾನ್ ಆನೋಡು ಲಿಥಿಯಂ ತುಂಬಿಕೊಂಡಾಗ ಸುಮಾರು ಶೇ. 300ರಷ್ಟು ಹಿಗ್ಗುವುದರಿಂದ ಅದರ ಮೇಲಿನ ಪೊರೆ ಮತ್ತೆ ಮತ್ತೆ ಬಿರಿಯುತ್ತದೆ, ಪ್ರತಿ ಬಿರುಕಿನಲ್ಲೂ ಹೊಸ ಪೊರೆ ಬೆಳೆದು ಒಂದಿಷ್ಟು ಲಿಥಿಯಂ ಶಾಶ್ವತವಾಗಿ ಕೈತಪ್ಪುತ್ತದೆ.

ಸೂಜಿಗೆ ವಿದ್ಯುತ್ ಸಂಪರ್ಕ ಕೊಟ್ಟರೆ ಕ್ಯಾಥೋಡಿನ (ಧನ ಎಲೆಕ್ಟ್ರೋಡಿನ) ಯಾವ ಕಣಕ್ಕೆ ಸಂಪರ್ಕ ಕಡಿದುಹೋಗಿದೆ ಎಂಬುದನ್ನೂ ಗುರುತಿಸಬಹುದು. 2010ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು ಒಂದು ಹೆಜ್ಜೆ ಮುಂದೆ ಹೋಗಿ, ಸೂಜಿಯ ಮೂಲಕ ಪರ್ಯಾಯ ವೋಲ್ಟೇಜ್ ಹಾಯಿಸಿ, ಅಯಾನುಗಳು ಅತ್ತಿತ್ತ ಸರಿದಾಗ ಮೇಲ್ಮೈ ಉಬ್ಬಿ ತಗ್ಗುವುದನ್ನು ಅಳೆಯುವ ವಿಧಾನವನ್ನು ತೋರಿಸಿದರು. ಆದರೆ ಸ್ಥಾಯೀವಿದ್ಯುತ್ ಬಲವೂ ಅಂಥದೇ ಸಂಕೇತ ಕೊಡಬಲ್ಲುದಾದ್ದರಿಂದ, ಕಂಡ ಕಂಪನವನ್ನೆಲ್ಲ ಅಯಾನುಗಳ ಚಲನೆಯೆಂದು ಓದಬಾರದು.

ಇನ್ನು ನಿಮ್ಮ ಸ್ಕೂಟರಿನ ಬ್ಯಾಟರಿ. ದಯವಿಟ್ಟು ಅದನ್ನು ಬಿಚ್ಚಬೇಡಿ. ಒಳಗೆ ಶಾರ್ಟ್ ಸರ್ಕ್ಯೂಟ್ ಆದರೆ ಬೆಂಕಿ ಹೊತ್ತಿಕೊಳ್ಳಬಹುದು. ಎಲೆಕ್ಟ್ರೋಲೈಟಿನಲ್ಲಿ ಸಾಮಾನ್ಯವಾಗಿ ಬಳಸುವ ಲಿಥಿಯಂ ಲವಣಕ್ಕೆ ತೇವ ತಾಕಿದರೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಹೊರಡುತ್ತದೆ. ಈ ಕೆಲಸ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸಿನಲ್ಲಿ (ಕೈಗವಸುಗಳ ಮೂಲಕ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆಯಲ್ಲಿ), ತರಬೇತಿ ಪಡೆದವರಿಂದಲೇ ನಡೆಯಬೇಕು. ಅಲ್ಲದೆ ಒಂದು ಸ್ಕ್ಯಾನ್ ಹೆಚ್ಚೆಂದರೆ ನೂರು ಮೈಕ್ರೋಮೀಟರಿನಷ್ಟು ಅಗಲವನ್ನು ತೋರಿಸುತ್ತದೆ. ಅಷ್ಟರಿಂದ ಇಡೀ ಬ್ಯಾಟರಿಯ ಆರೋಗ್ಯ ತಿಳಿಯದು. ಅದಕ್ಕೆ ಚಾರ್ಜ್–ಡಿಸ್ಚಾರ್ಜ್ ಪರೀಕ್ಷೆ ಮತ್ತು ಇಂಪೀಡೆನ್ಸ್ (ಪರ್ಯಾಯ ವಿದ್ಯುತ್ತಿಗೆ ಬ್ಯಾಟರಿ ಒಡ್ಡುವ ತಡೆ) ಮಾಪನವೇ ಸರಿಯಾದ ದಾರಿ.

ನಿಮ್ಮ ಆಸಕ್ತಿ ಪ್ರಾಜೆಕ್ಟ್ ಆಗಿ ಬೆಳೆಯಲೆಂದು ಹಾರೈಸುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದ ಉಪಕರಣಗಳನ್ನು ಹೊರಗಿನವರೂ ಬಳಸಲು ಅವಕಾಶವಿದೆ. ನಿಮ್ಮ ಮಾರ್ಗದರ್ಶಕರ ಮೂಲಕ ವಿಚಾರಿಸುವಾಗ, ಅಲ್ಲಿನ ಸೂಕ್ಷ್ಮದರ್ಶಕಕ್ಕೆ ಮಾದರಿಯನ್ನು ದ್ರವದಲ್ಲಿಟ್ಟು ಚಾರ್ಜ್ ಮಾಡುತ್ತಲೇ ನೋಡಲು ಬೇಕಾದ ವಿದ್ಯುದ್ರಾಸಾಯನಿಕ ಕೋಶ ಇದೆಯೇ, ಅದನ್ನು ತೇವಾಂಶವಿಲ್ಲದ ವಾತಾವರಣದಲ್ಲಿ ನಡೆಸಬಹುದೇ ಎಂಬ ಎರಡನ್ನು ಮೊದಲು ಕೇಳಿ. ಮಾದರಿಯಾಗಿ ಒರಟಾದ ವಾಣಿಜ್ಯ ಎಲೆಕ್ಟ್ರೋಡಿನ ಬದಲು, ಅಂಟುಟೇಪಿನಿಂದ ಮೇಲ್ಪದರ ಸುಲಿದು ನುಣುಪಾಗಿಸಬಹುದಾದ ಶುದ್ಧ ಗ್ರಾಫೈಟ್ ತುಣುಕಿನಿಂದ ಆರಂಭಿಸಿ.