ಬರಹಗಾರರಿಗೆ ಸಲಹೆ: ಧ್ವನಿ ಮೊದಲು, ಸ್ಲೈಡ್ ಆಮೇಲೆ

ಆತ್ಮೀಯರೇ,

ನಮಸ್ಕಾರ. ‘ಸ್ಲೈಡ್‌ಶೋ: ಒಂದು ಸಂಪೂರ್ಣ ಕೈಪಿಡಿ’ ಎಂಬ ನಿಮ್ಮ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಅದರೊಳಗೆ ಪ್ರಕಟಿಸಲೇಬೇಕಾದ ಇನ್ನೊಂದು ಲೇಖನವಿದೆ. ಅದು ಕೈತಪ್ಪಬಾರದು ಎಂಬ ಕಾರಣಕ್ಕೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಆ ಲೇಖನ ಇರುವುದು ನಿಮ್ಮ ನಾಲ್ಕನೆಯ ಪುಟದ ನಡುವೆ. ‘ವಿವರಣೆಯ ಕೊನೆಯ ಪದ ಮುಗಿಯುವ ಮೊದಲೇ ಸ್ಲೈಡ್ ಸರಿದುಹೋಗುತ್ತದೆ, ಸಮಯ ಹೆಚ್ಚಿಸಿದರೆ ಮುಂದಿನ ಸ್ಲೈಡಿನಲ್ಲಿ ಮೌನ ಉಳಿಯುತ್ತದೆ’ ಎಂದು ಬರೆದಿದ್ದೀರಿ. ಪವರ್‌ಪಾಯಿಂಟ್‌ನಂಥ ಸ್ಲೈಡ್‌ಶೋ ತಂತ್ರಾಂಶಗಳನ್ನು ಬಳಸಿದ ಪ್ರತಿಯೊಬ್ಬರೂ ಪಟ್ಟ ಕಷ್ಟ ಇದು. ಓದುಗರು ನಿಮ್ಮ ಬಳಿ ಬರುವುದು ಇದಕ್ಕೆ ಉತ್ತರ ಹುಡುಕಿಕೊಂಡು. ನೀವು ಮಾತ್ರ ಆ ವಾಕ್ಯವನ್ನು ಅಲ್ಲೇ ಬಿಟ್ಟು, ಮುಂದಿನ ಪ್ಯಾರಾದಲ್ಲಿ ಟ್ರಾನ್ಸಿಶನ್‌ಗಳ, ಅಂದರೆ ಒಂದು ಸ್ಲೈಡ್ ಹೋಗಿ ಇನ್ನೊಂದು ಬರುವಾಗಿನ ಪರಿಣಾಮಗಳ, ಪಟ್ಟಿಗೆ ಹೋಗಿದ್ದೀರಿ.

ಮೊದಲ ಎರಡು ಪುಟಗಳನ್ನು ಪೂರ್ತಿ ತೆಗೆಯಿರಿ. ‘ಇಂದಿನ ಡಿಜಿಟಲ್ ಯುಗದಲ್ಲಿ ಸ್ಲೈಡ್‌ಶೋಗಳ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆ’ ಎಂಬ ಮಾತಿನಿಂದ ಯಾರ ಸಮಸ್ಯೆಯೂ ಬಗೆಹರಿಯುವುದಿಲ್ಲ. ಪವರ್‌ಪಾಯಿಂಟ್ 1987ರಲ್ಲಿ ಮೊದಲು ಮ್ಯಾಕಿಂಟಾಷ್‌ಗಾಗಿ ಬಂತು, ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು ತಯಾರಿಸಿದ ಫೋರ್‌ಥಾಟ್ ಸಂಸ್ಥೆಯನ್ನು ಕೊಂಡುಕೊಂಡಿತು ಎಂದು ನೀವು ಬರೆದದ್ದು ಸರಿಯಾಗಿಯೇ ಇದೆ. ಆದರೆ ನಾಳೆ ಬೆಳಿಗ್ಗೆ ಪ್ರದರ್ಶನ ಇಟ್ಟುಕೊಂಡು, ಧ್ವನಿ ಹೊಂದದೆ ಒದ್ದಾಡುತ್ತಿರುವವರಿಗೆ ಆ ಚರಿತ್ರೆ ಬೇಕಿಲ್ಲ.

ಇನ್ನು ಲೇಖನದ ತಿರುಳಿಗೆ ಬರೋಣ. ನಿಮ್ಮ ಉದಾಹರಣೆ ಹೀಗಿದೆ: ನಲವತ್ತು ಚಿತ್ರಗಳು, 3 ನಿಮಿಷ 20 ಸೆಕೆಂಡಿನ ಸಂಗೀತ, ಪ್ರತಿ ಸ್ಲೈಡಿಗೆ 5 ಸೆಕೆಂಡು, ಸ್ಲೈಡುಗಳ ನಡುವೆ 2 ಸೆಕೆಂಡಿನ ಟ್ರಾನ್ಸಿಶನ್. ನಲವತ್ತನ್ನು ಐದರಿಂದ ಗುಣಿಸಿದರೆ ಇನ್ನೂರು ಸೆಕೆಂಡು, ಸಂಗೀತವೂ ಇನ್ನೂರು ಸೆಕೆಂಡು, ಆದ್ದರಿಂದ ಎರಡೂ ಒಟ್ಟಿಗೆ ಮುಗಿಯುತ್ತವೆ ಎಂದಿದ್ದೀರಿ. ಮುಗಿಯುವುದಿಲ್ಲ. ಸ್ಲೈಡ್ ಎಷ್ಟು ಹೊತ್ತಿನ ಮೇಲೆ ತಾನಾಗಿ ಸರಿಯಬೇಕೆಂದು ‘ಆಫ್ಟರ್’ ಎಂಬ ಕಡೆ ನಾವು ತುಂಬುವ 5 ಸೆಕೆಂಡಿನೊಳಗೆ ಟ್ರಾನ್ಸಿಶನ್‌ನ ಅವಧಿ ಸೇರಿಲ್ಲ, ಅದು ಪ್ರತ್ಯೇಕ. ಹೀಗಾಗಿ ಒಂದೊಂದು ಸ್ಲೈಡೂ ಏಳು ಸೆಕೆಂಡು ನುಂಗುತ್ತದೆ, ಒಟ್ಟು ಹೆಚ್ಚುಕಡಿಮೆ 280 ಸೆಕೆಂಡು. ಇಪ್ಪತ್ತೊಂಬತ್ತನೆಯ ಚಿತ್ರ ತೆರೆಯ ಮೇಲಿರುವಾಗಲೇ ಸಂಗೀತ ನಿಂತುಹೋಗುತ್ತದೆ. ಉಳಿದ ಹನ್ನೊಂದು ಚಿತ್ರಗಳು ಸದ್ದಿಲ್ಲದೆ ಸರಿಯುತ್ತವೆ. ಸಂಗೀತ ಮತ್ತೆ ಮತ್ತೆ ಸುತ್ತುವ ‘ಲೂಪ್’ ಆಯ್ಕೆ ಹಾಕಿದ್ದರೆ ಅದೇ ಜಾಗದಲ್ಲಿ ಸಂಗೀತ ಮೊದಲಿನಿಂದ ಶುರುವಾಗುತ್ತದೆ, ಅದು ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ.

ಈ ಲೆಕ್ಕವೇ ನಿಮ್ಮ ಲೇಖನದ ಜೀವ. ಇದನ್ನು ಓದುಗರ ಎದುರಿಗೆ ಬಿಡಿಸಿ ತೋರಿಸಿ. ಸಂಗೀತದ ಉದ್ದವನ್ನು ಸ್ಲೈಡುಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವುದು ಒಂದು ಸ್ಲೈಡಿನ ಪೂರ್ತಿ ಪಾಲು. ಅದರಿಂದ ಟ್ರಾನ್ಸಿಶನ್‌ನ ಅವಧಿಯನ್ನು ಕಳೆದು ಉಳಿದದ್ದನ್ನು ‘ಆಫ್ಟರ್’ನಲ್ಲಿ ತುಂಬಬೇಕು. ಎರಡು ಸೆಕೆಂಡಿನ ಟ್ರಾನ್ಸಿಶನ್ ಬೇಕೇಬೇಕೆಂದರೆ ಚಿತ್ರಕ್ಕೆ ಉಳಿಯುವುದು 3 ಸೆಕೆಂಡು ಮಾತ್ರ. ಒಂದು ಚಿತ್ರ ಮಸುಕಾಗುತ್ತಾ ಇನ್ನೊಂದು ಮೂಡುವ ‘ಫೇಡ್’ ಎಂಬ ಟ್ರಾನ್ಸಿಶನ್ 0.7 ಸೆಕೆಂಡಿನಷ್ಟು ಸಾಕೆಂದರೆ 4.3 ಸೆಕೆಂಡು ಸಿಗುತ್ತದೆ, ಸಂಗೀತ ಕೊನೆಯ ಚಿತ್ರದವರೆಗೂ ಬರುತ್ತದೆ. ಟ್ರಾನ್ಸಿಶನ್ ಎಷ್ಟು ದುಬಾರಿ ಎಂಬುದು ಓದುಗರಿಗೆ ಹೊಳೆಯುವುದು ಇಲ್ಲಿ. ಅದು ಬರೀ ಅಲಂಕಾರವಲ್ಲ, ಚಿತ್ರದ ಪಾಲಿನ ಸಮಯವನ್ನು ಅದು ತಿನ್ನುತ್ತದೆ. ಸ್ಲೈಡಿನೊಳಗೆ ತಾವಾಗಿ ನಡೆಯುವ ಅನಿಮೇಶನ್‌ಗಳಿದ್ದರೆ ಅವು ಮುಗಿಯುವ ತನಕ ಸ್ಲೈಡ್ ಕದಲುವುದಿಲ್ಲ ಎಂಬುದನ್ನೂ ಇದೇ ಜಾಗದಲ್ಲಿ ಹೇಳಿ. ನಾನು ಹೇಳಿದೆ ಎಂದು ಒಪ್ಪಿಕೊಳ್ಳಬೇಡಿ. ಹತ್ತು ಖಾಲಿ ಸ್ಲೈಡುಗಳನ್ನು ಮಾಡಿ, 5 ಸೆಕೆಂಡು ಮತ್ತು 2 ಸೆಕೆಂಡು ಕೊಟ್ಟು, ಗಡಿಯಾರ ಹಿಡಿದು ನೋಡಿ. ಕೈಯಾರೆ ಅಳೆದವರ ಬರವಣಿಗೆಗೆ ಬೇರೆಯೇ ಒಂದು ಧೈರ್ಯ ಬರುತ್ತದೆ.

ಮುಂದಿನದು ಮಾತಿನ ಧ್ವನಿ. ‘ರಿಹರ್ಸ್ ಟೈಮಿಂಗ್ಸ್ ಬಳಸಿ ನಿಮ್ಮ ಧ್ವನಿಯನ್ನೂ ಸಮಯವನ್ನೂ ಒಟ್ಟಿಗೆ ದಾಖಲಿಸಬಹುದು’ ಎಂದು ಬರೆದಿದ್ದೀರಿ. ಇದು ತಪ್ಪು. ರಿಹರ್ಸ್ ಟೈಮಿಂಗ್ಸ್ ದಾಖಲಿಸುವುದು ಪ್ರತಿ ಸ್ಲೈಡಿನ ಮೇಲೆ ನೀವು ಎಷ್ಟು ಹೊತ್ತು ನಿಂತಿರಿ ಎಂಬುದನ್ನು ಮಾತ್ರ. ಧ್ವನಿ ಬೇಕಾದರೆ ಸ್ಲೈಡ್‌ಶೋವನ್ನು ‘ರೆಕಾರ್ಡ್’ ಮಾಡಬೇಕು. ಈ ಎರಡನ್ನು ಬೆರೆಸಿದರೆ ಓದುಗರು ಅರ್ಧ ಗಂಟೆ ಮಾತನಾಡಿ, ಕೊನೆಗೆ ಮೂಕ ಸ್ಲೈಡುಗಳನ್ನು ನೋಡುತ್ತಾ ಕೂರಬೇಕಾಗುತ್ತದೆ. ತಪ್ಪು ಮಾಹಿತಿ ಕೊಟ್ಟವರನ್ನು ಅವರು ಮತ್ತೆ ನಂಬುವುದಿಲ್ಲ.

ರೆಕಾರ್ಡ್ ಮಾಡುವಾಗ ಕೊನೆಯ ಪದ ಏಕೆ ಕತ್ತರಿಸಿಹೋಗುತ್ತದೆ ಎಂಬುದಕ್ಕೆ ನೀವು ‘ಕಂಪ್ಯೂಟರಿನ ವೇಗ ಸಾಲದಿರುವುದು’ ಎಂಬ ಕಾರಣ ಕೊಟ್ಟಿದ್ದೀರಿ. ನಿಜವಾದ ಕಾರಣ ಬೇರೆ. ಪವರ್‌ಪಾಯಿಂಟ್ ಧ್ವನಿಯನ್ನು ಸ್ಲೈಡಿನಿಂದ ಸ್ಲೈಡಿಗೆ ಬೇರೆ ಬೇರೆ ತುಣುಕಾಗಿ ಇಡುತ್ತದೆ. ಒಂದು ಸ್ಲೈಡ್ ಹೋಗಿ ಇನ್ನೊಂದು ಬರುವ ಆ ಟ್ರಾನ್ಸಿಶನ್‌ನ ಹೊತ್ತಿನಲ್ಲಿ ಅದು ಏನನ್ನೂ ದಾಖಲಿಸುವುದಿಲ್ಲ. ಮಾತನಾಡುತ್ತಲೇ ಗುಂಡಿ ಒತ್ತಿದರೆ ಆ ನಡುವಿನ ಮಾತು ಎಲ್ಲಿಯೂ ಉಳಿಯುವುದಿಲ್ಲ. ಪರಿಹಾರ ಸರಳ: ವಾಕ್ಯ ಮುಗಿಸಿ, ಒಂದು ಉಸಿರಿನಷ್ಟು ಸುಮ್ಮನಿದ್ದು, ಆಮೇಲೆ ಮುಂದಕ್ಕೆ ಹೋಗಬೇಕು. ಹೊಸ ಸ್ಲೈಡ್ ಪೂರ್ತಿ ನೆಲೆಗೊಂಡ ಮೇಲೆ ಮತ್ತೊಂದು ಉಸಿರು ಬಿಟ್ಟು ಮಾತು ಆರಂಭಿಸಬೇಕು. ಇದರಿಂದಲೇ ಇನ್ನೊಂದು ನಿಯಮವೂ ಹುಟ್ಟುತ್ತದೆ. ಒಂದು ವಾಕ್ಯ ಎರಡು ಸ್ಲೈಡುಗಳ ಮೇಲೆ ಹರಿಯಬಾರದು. ಮಾತಿನ ಪ್ರತಿಯನ್ನು ಬರೆಯುವಾಗಲೇ ಸ್ಲೈಡಿನ ಗಡಿಯಲ್ಲಿ ಪೂರ್ಣವಿರಾಮ ಬೀಳಬೇಕು.

ಇದರಲ್ಲೊಂದು ದೊಡ್ಡ ಅನುಕೂಲವಿದೆ, ಅದನ್ನು ನೀವು ಹೇಳಿಯೇ ಇಲ್ಲ. ಧ್ವನಿ ಸ್ಲೈಡಿಗೆ ಅಂಟಿಕೊಂಡಿರುವುದರಿಂದ ಏಳನೆಯ ಸ್ಲೈಡಿನಲ್ಲಿ ತಪ್ಪಿದರೆ ಏಳನೆಯದನ್ನಷ್ಟೇ ಮತ್ತೆ ರೆಕಾರ್ಡ್ ಮಾಡಿದರೆ ಸಾಕು; ಸ್ಲೈಡುಗಳ ಕ್ರಮ ಬದಲಿಸಿದರೂ ಮಾತು ಅದರ ಜತೆಗೇ ಹೋಗುತ್ತದೆ. ಇಡೀ ವಿವರಣೆಯನ್ನು ಒಂದೇ ಉದ್ದನೆಯ ಕಡತವಾಗಿ ಹೊರಗೆ ರೆಕಾರ್ಡ್ ಮಾಡಿ ಮೊದಲ ಸ್ಲೈಡಿಗೆ ತಗುಲಿಸುವ ವಿಧಾನವನ್ನು ನೀವು ಶಿಫಾರಸು ಮಾಡಿದ್ದೀರಿ. ನಾನು ಒಪ್ಪುವುದಿಲ್ಲ. ಆ ದಾರಿಯಲ್ಲಿ ಮೂರನೆಯ ಸ್ಲೈಡಿನಲ್ಲಾದ ಅರ್ಧ ಸೆಕೆಂಡಿನ ವ್ಯತ್ಯಾಸ ಕೊನೆಯ ಸ್ಲೈಡಿನವರೆಗೂ ಎಳೆದುಕೊಂಡು ಬರುತ್ತದೆ. ಮಾತು ಸ್ಲೈಡಿಗೊಂದರಂತೆ ಇರಲಿ, ಹಿನ್ನೆಲೆ ಸಂಗೀತ ಮಾತ್ರ ಎಲ್ಲ ಸ್ಲೈಡುಗಳ ಮೇಲೂ ಹರಿಯಲಿ. ಈ ಒಂದು ಭೇದವನ್ನು ಸ್ಪಷ್ಟವಾಗಿ ಹೇಳಿದರೆ ಲೇಖನಕ್ಕೆ ಬೆನ್ನೆಲುಬು ಬರುತ್ತದೆ.

ಹಿನ್ನೆಲೆ ಸಂಗೀತದ ಭಾಗ ಚೆನ್ನಾಗಿದೆ. ‘ಪ್ಲೇ ಇನ್ ಬ್ಯಾಕ್‌ಗ್ರೌಂಡ್’ ಒಂದನ್ನು ಒತ್ತಿದರೆ ತಾನಾಗಿ ಆರಂಭವಾಗುವುದು, ಎಲ್ಲ ಸ್ಲೈಡುಗಳ ಮೇಲೂ ಮುಂದುವರಿಯುವುದು, ಮತ್ತೆ ಮತ್ತೆ ಸುತ್ತುವುದು, ಧ್ವನಿಯ ಗುರುತು ಮರೆಯಾಗುವುದು ಎಲ್ಲವೂ ಒಟ್ಟಿಗೆ ಹೊಂದಿಕೊಳ್ಳುತ್ತವೆ ಎಂದು ಬರೆದದ್ದು ಸರಿ. ಸಂಗೀತ ಐದನೆಯ ಸ್ಲೈಡಿಗೇ ನಿಲ್ಲಬೇಕಾದರೆ ಅನಿಮೇಶನ್ ಪೇನ್‌ನಲ್ಲಿ ಆ ಧ್ವನಿಯ ‘ಎಫೆಕ್ಟ್ ಆಪ್ಶನ್ಸ್’ ತೆರೆದು, ಎಷ್ಟು ಸ್ಲೈಡುಗಳ ನಂತರ ನಿಲ್ಲಬೇಕೆಂದು ಸಂಖ್ಯೆ ಕೊಡಬಹುದು ಎಂಬುದನ್ನು ಸೇರಿಸಿ. ಸದ್ದು ಮೆಲ್ಲನೆ ಕರಗುವ ‘ಫೇಡ್ ಔಟ್’ ಅನ್ವಯವಾಗುವುದು ಆಡಿಯೊ ಕಡತದ ಕೊನೆಗೆ, ಪ್ರದರ್ಶನದ ಕೊನೆಗಲ್ಲ. ಪ್ರದರ್ಶನ ಮೊದಲೇ ಮುಗಿದರೆ ಸಂಗೀತ ಕಡಿದಂತೆ ನಿಲ್ಲುತ್ತದೆ. ಆದ್ದರಿಂದ ‘ಟ್ರಿಮ್ ಆಡಿಯೊ’ದಲ್ಲಿ ಸಂಗೀತವನ್ನು ಪ್ರದರ್ಶನದ ಉದ್ದಕ್ಕೆ ಕತ್ತರಿಸಿಕೊಂಡ ಮೇಲೆಯೇ ಫೇಡ್ ಔಟ್ ಕೊಡಬೇಕು.

ಮಾತಿನ ಹಿಂದೆ ಸಂಗೀತ ಎಷ್ಟು ಜೋರಾಗಿರಬೇಕು ಎಂಬುದಕ್ಕೆ ‘ಹಿತಮಿತವಾಗಿ’ ಎಂದಿದ್ದೀರಿ. ಹಿತಮಿತ ಎಂದರೆ ಎಷ್ಟು? ವೆಬ್ ಪುಟಗಳು ಎಲ್ಲರಿಗೂ ಎಟುಕುವಂತಿರಬೇಕೆಂದು ವೆಬ್ಬಿನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2008ರಲ್ಲಿ ಹೊರತಂದ ಮಾರ್ಗಸೂಚಿಯ ಅತ್ಯುನ್ನತ ಹಂತದಲ್ಲಿ ಇದಕ್ಕೊಂದು ಅಳತೆಯಿದೆ: ಹಿನ್ನೆಲೆಯ ಸದ್ದು ಮಾತಿಗಿಂತ ಕನಿಷ್ಠ 20 ಡೆಸಿಬೆಲ್ ಕಡಿಮೆ ಇರಬೇಕು. ತಾನಾಗಿ ಆರಂಭವಾಗಿ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಮೊಳಗುವ ಧ್ವನಿಯನ್ನು ನಿಲ್ಲಿಸಲು ದಾರಿಯಿರಬೇಕು, ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಏನೂ ಮಿಂಚಬಾರದು ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಅದು ವೆಬ್ಬಿಗಾಗಿ ಬರೆದದ್ದಾದರೂ ಕಿವಿ, ಕಣ್ಣು ಎಲ್ಲಿದ್ದರೂ ಅವೇ ತಾನೆ. ಕಿವಿ ಮಂದವಾಗಿರುವವರಿಗೆ ಮಾತು ಸಂಗೀತದಲ್ಲಿ ಮುಳುಗಿದರೆ ಇಡೀ ಪ್ರದರ್ಶನವೇ ಇಲ್ಲವಾಗುತ್ತದೆ. ಈ ವಿಷಯವನ್ನು ಲೇಖನದ ಕೊನೆಗೆ ತಳ್ಳಬೇಡಿ, ಧ್ವನಿಯ ಮಾತು ಬಂದಲ್ಲೇ ಹೇಳಿ.

ಟ್ರಾನ್ಸಿಶನ್‌ಗಳ ಪಟ್ಟಿಯ ಬಗ್ಗೆ. ಮೂವತ್ತಕ್ಕೂ ಹೆಚ್ಚು ಹೆಸರುಗಳ ಮುಂದೆ ‘ಮನಮೋಹಕ’, ‘ಆಕರ್ಷಕ’, ‘ಅದ್ಭುತ’ ಎಂದು ಬರೆದಿದ್ದೀರಿ. ಅಷ್ಟನ್ನೂ ಅಳಿಸಿ, ಮೂರನ್ನು ಉಳಿಸಿಕೊಂಡು, ಯಾವುದು ಯಾವಾಗ ಎಂದು ಹೇಳಿ. ವಿಷಯ ಬದಲಾಗುವಲ್ಲಿ ‘ಫೇಡ್’ ಸಾಕು. ಒಂದು ಸ್ಲೈಡಿನ ಚಿತ್ರ ಅಥವಾ ರೇಖೆ ಮುಂದಿನದಕ್ಕೆ ಅಂಚಿಗಂಚು ಸೇರಿ ಮುಂದುವರಿಯುವಂತಿದ್ದರೆ ‘ಪುಶ್’. ಒಂದೇ ವಸ್ತು ಜಾಗ, ಗಾತ್ರ ಬದಲಿಸಬೇಕಾದರೆ ‘ಮಾರ್ಫ್’. ಮಾರ್ಫ್ ಬಗ್ಗೆ ನೀವು ಒಂದೇ ಸಾಲು ಕೊಟ್ಟಿದ್ದೀರಿ, ಅದಕ್ಕೆ ಒಂದು ಪ್ಯಾರಾ ಸಲ್ಲಬೇಕು: ಸ್ಲೈಡನ್ನು ನಕಲು ಮಾಡಿ, ನಕಲಿನಲ್ಲಿ ವಸ್ತುವನ್ನು ಸರಿಸಿ, ಆ ಎರಡನೆಯ ಸ್ಲೈಡಿಗೆ ಮಾರ್ಫ್ ಕೊಡಬೇಕು. ತಂತ್ರಾಂಶಕ್ಕೆ ಗುರುತು ಸಿಗದಿದ್ದರೆ ಸ್ಲೈಡಿನ ವಸ್ತುಗಳ ಹೆಸರುಗಳನ್ನು ತೋರಿಸುವ ‘ಸೆಲೆಕ್ಷನ್ ಪೇನ್’ನಲ್ಲಿ ಎರಡೂ ಕಡೆಯ ವಸ್ತುವಿಗೆ ಎರಡು ಆಶ್ಚರ್ಯಸೂಚಕ ಚಿಹ್ನೆಗಳಿಂದ ಆರಂಭವಾಗುವ ಒಂದೇ ಹೆಸರು ಕೊಟ್ಟರೆ ಅದು ಜೋಡಿಸಿಕೊಳ್ಳುತ್ತದೆ. ಮಾರ್ಫ್ ಇಲ್ಲದ ಹಳೆಯ ಆವೃತ್ತಿಯಲ್ಲಿ ಇದು ಫೇಡ್ ಆಗಿ ಕಾಣುತ್ತದೆ. ಟ್ರಾನ್ಸಿಶನ್‌ಗೆ ಚಪ್ಪಾಳೆ, ಡೋಲಿನ ಸದ್ದು ಸೇರಿಸುವ ಭಾಗವನ್ನು ಕೈಬಿಡಿ. ಮಾತು ನಡೆಯುವಾಗ ಅದು ಅಡ್ಡಿಯೇ ಹೊರತು ಬೇರೇನೂ ಅಲ್ಲ.

‘ಟೈಮಿಂಗ್ ಕೊಟ್ಟರೂ ಸ್ಲೈಡ್ ಮುಂದೆ ಹೋಗುತ್ತಿಲ್ಲ’ ಎಂಬ ದೂರು ಎಲ್ಲೆಡೆ ಕೇಳುವಂಥದ್ದು, ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ. ‘ಸೆಟ್ ಅಪ್ ಸ್ಲೈಡ್‌ಶೋ’ದಲ್ಲಿ ‘ಮ್ಯಾನುಯಲಿ’ (ಕೈಯಿಂದ ಮುಂದೆ ಸರಿಸುವುದು) ಎಂದು ಉಳಿದಿದ್ದರೆ, ಇಲ್ಲವೇ ‘ಯೂಸ್ ಟೈಮಿಂಗ್ಸ್’ ಗುರುತು ತೆಗೆದಿದ್ದರೆ ಹಾಗಾಗುತ್ತದೆ. ಇದಕ್ಕೆ ತಿರುಗುಮುರುಗಾದದ್ದೂ ಉಂಟು. ‘ಆನ್ ಮೌಸ್ ಕ್ಲಿಕ್’ ಮತ್ತು ‘ಆಫ್ಟರ್’ ಎರಡಕ್ಕೂ ಗುರುತಿದ್ದರೆ ಯಾವುದು ಮೊದಲು ಬರುತ್ತದೋ ಅದೇ ನಡೆಯುತ್ತದೆ. ಯಾರದೋ ಕೈ ಮೌಸಿಗೆ ತಗುಲಿದರೆ ಮಾತು ಅರ್ಧಕ್ಕೇ ತುಂಡಾಗುತ್ತದೆ. ತಾನಾಗಿ ನಡೆಯಬೇಕಾದ ಪ್ರದರ್ಶನದಲ್ಲಿ ಮೊದಲನೆಯ ಗುರುತನ್ನು ತೆಗೆಯಲೇಬೇಕು.

‘ಆಡಿಯೊ ಯಾವಾಗಲೂ ಕಡತದೊಳಗೇ ಇರುತ್ತದೆ’ ಎಂಬ ಮಾತಿಗೆ ಮಿತಿ ಹಾಕಿ. 2010ರ ಆವೃತ್ತಿಯಿಂದೀಚೆಗೆ ಸಾಮಾನ್ಯವಾಗಿ ಹಾಗೆ. ಅದಕ್ಕೂ ಹಿಂದೆ ಎಂಪಿ3 ಹೊರಗೇ ಉಳಿದು, ಬರೀ ಕೊಂಡಿ ಒಳಗಿರುತ್ತಿತ್ತು. ಈಗಲೂ ‘ಲಿಂಕ್ ಟು ಫೈಲ್’ ಆರಿಸಿ ಸೇರಿಸಿದರೆ ಅದೇ ಸ್ಥಿತಿ: ಬೇರೆ ಕಂಪ್ಯೂಟರಿಗೆ ಕೊಂಡೊಯ್ದಾಗ ಸದ್ದೇ ಇರುವುದಿಲ್ಲ.

ಪವರ್‌ಪಾಯಿಂಟ್ ಒಂದನ್ನೇ ಇಟ್ಟುಕೊಂಡು ‘ಸಂಪೂರ್ಣ’ ಎಂದು ಕರೆಯುವುದು ಸರಿಯಲ್ಲ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಇಂಪ್ರೆಸ್ ತಂತ್ರಾಂಶದಲ್ಲಿ ಸಂಗೀತವನ್ನು ಮೊದಲ ಸ್ಲೈಡಿನ ಟ್ರಾನ್ಸಿಶನ್ ಧ್ವನಿಯಾಗಿ ಕೊಟ್ಟರೆ ಅದು ಮುಂದಿನ ಸ್ಲೈಡುಗಳಿಗೂ ಹರಿಯುತ್ತದೆ. ಅಲ್ಲಿ ಅದನ್ನೇ ಎಲ್ಲ ಸ್ಲೈಡುಗಳಿಗೂ ಅನ್ವಯಿಸಿದರೆ ಪ್ರತಿ ಸ್ಲೈಡಿಗೂ ಸಂಗೀತ ಹೊಸದಾಗಿ ಶುರುವಾಗುತ್ತದೆ. ಗೂಗಲ್ ಸ್ಲೈಡ್ಸ್‌ನಲ್ಲಿ ತಾನಾಗಿ ಸರಿಯುವ ಅವಧಿ ಎಲ್ಲ ಸ್ಲೈಡಿಗೂ ಒಂದೇ. ಆಡಿಯೊ ಗೂಗಲ್ ಡ್ರೈವ್‌ನಿಂದ ಬರುವುದರಿಂದ ನೋಡುವವರಿಗೆ ಆ ಕಡತದ ಅನುಮತಿಯೂ ಇರಬೇಕು. ಇಷ್ಟು ಹೇಳಲಾಗದಿದ್ದರೆ ಶೀರ್ಷಿಕೆಯಲ್ಲೇ ಪವರ್‌ಪಾಯಿಂಟ್ ಎಂದು ನಮೂದಿಸಿ, ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದಿರಿ ಎಂಬುದನ್ನು ಮೊದಲ ಪ್ಯಾರಾದಲ್ಲೇ ತಿಳಿಸಿ.

ಭಾಷೆಯ ಬಗ್ಗೆ ಎರಡು ಮಾತು. ‘ಸುಲಭವಾಗಿ’, ‘ಕ್ಷಣಾರ್ಧದಲ್ಲಿ’ ಎಂಬ ಪದಗಳನ್ನು ಪುಟಪುಟಕ್ಕೂ ಬಳಸಿದ್ದೀರಿ. ಸುಲಭ ಎಂದು ಓದಿದ ಮೇಲೂ ಕೆಲಸ ಆಗದಿದ್ದರೆ ಓದುಗರು ತಮ್ಮನ್ನೇ ದಡ್ಡರೆಂದು ಭಾವಿಸುತ್ತಾರೆ. ಆ ಪದ ತೆಗೆದು, ಗುಂಡಿ ಒತ್ತಿದ ಮೇಲೆ ತೆರೆಯ ಮೇಲೆ ಏನು ಕಾಣಬೇಕು, ಏನು ಕೇಳಬೇಕು ಎಂದು ಬರೆಯಿರಿ. ಹಾಗೆ ಆಗದಿದ್ದರೆ ಮೊದಲು ಎಲ್ಲಿ ನೋಡಬೇಕು ಎಂಬುದನ್ನೂ ಅದರ ಬೆನ್ನಿಗೇ ಹೇಳಿ.

ವಿಡಿಯೊ ಆಗಿ ಉಳಿಸುವ ಭಾಗವನ್ನು ಹಾಗೇ ಇಟ್ಟುಕೊಳ್ಳಿ, ಒಂದು ಸಾಲು ಮಾತ್ರ ಸೇರಿಸಿ: ಟೈಮಿಂಗ್ ಇಲ್ಲದ ಸ್ಲೈಡಿಗೆ ಪವರ್‌ಪಾಯಿಂಟ್ ತಾನಾಗಿ 5 ಸೆಕೆಂಡು ಕೊಡುತ್ತದೆ. ಅರ್ಧ ಸ್ಲೈಡುಗಳಿಗೆ ಟೈಮಿಂಗ್ ಕೊಟ್ಟು ಉಳಿದರ್ಧ ಮರೆತವರಿಗೆ ವಿಡಿಯೊ ಏಕೆ ಹಾಗೆ ಬಂತೆಂದು ಇದರಿಂದ ತಿಳಿಯುತ್ತದೆ.

ಹೊಸ ಪ್ರತಿ ಈಗಿನದಕ್ಕಿಂತ ಅರ್ಧದಷ್ಟು ಉದ್ದವಿರಲಿ, ನಾಲ್ಕನೆಯ ಪುಟದ ಆ ವಾಕ್ಯದಿಂದಲೇ ಆರಂಭವಾಗಲಿ. ಅದರ ಜತೆಗೆ ನಲವತ್ತು ಚಿತ್ರಗಳ ನಿಮ್ಮ ಸ್ಲೈಡ್‌ಶೋ ಕಡತವನ್ನೂ ಕಳುಹಿಸಿ. ಲೇಖನದಲ್ಲಿ ಹೇಳಿದಂತೆಯೇ ಮಾಡುತ್ತಾ ಹೋಗಿ, ಸಂಗೀತ ಎಲ್ಲಿ ಮುಗಿಯುತ್ತದೆಂದು ನಾನು ಇಲ್ಲಿ ಕೇಳಿ ನೋಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ