‘ಬೋ’ ಎಂದರೆ ಯಾವ ಬಿಲ್ಲು? ಇಂಗ್ಲಿಷಿನಿಂದ ಗ್ರೀಕಿಗೆ ಬಿಲ್ವಿದ್ಯೆಯ ಪದಗಳು

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಅನುವಾದದ ಕೆಲಸ ಮಾಡುತ್ತಿದ್ದು, ಮೂರು ವರ್ಷಗಳಿಂದ ಆಧುನಿಕ ಗ್ರೀಕ್ ಕಲಿಯುತ್ತಿದ್ದೇನೆ. ಬಿಲ್ಲುಗಾರಿಕೆಯ ಸಲಕರಣೆಗಳನ್ನು ಮಾರುವವರ ಇಂಗ್ಲಿಷ್ ಪದಪಟ್ಟಿಯೊಂದನ್ನು ಗ್ರೀಕಿಗೆ ತರುವ ಕೆಲಸ ಈಗ ಕೈಯಲ್ಲಿದೆ. ‘ಬೋ’ ಎಂಬ ಒಂದೇ ಪದಕ್ಕೆ ನಿಘಂಟು ಐದು ಗ್ರೀಕ್ ಪದಗಳನ್ನು ಕೊಡುತ್ತದೆ. ‘ಆರ್ಚರಿ’ಗೆ ಒಂದು ಕಡೆ ‘ತೊಕ್ಸೊವೊಲೀಯಾ’ ಎಂದೂ ಇನ್ನೊಂದು ಕಡೆ ‘ಸ್ಕೊಪೊವೊಲೀ’ ಎಂದೂ ಇದೆ. ‘ರೀಕರ್ವ್’, ‘ಕಾಂಪೌಂಡ್’ ಬಿಲ್ಲುಗಳನ್ನು ಏನೆನ್ನಬೇಕು? ಬಾಣವನ್ನು ‘ಫೈರ್’ ಮಾಡು ಎಂಬುದನ್ನು ಹೇಗೆ ಹೇಳಬೇಕು? ಹೋಮರನ ಕಾಲದ ಪದಗಳನ್ನು ಬಳಸಿದರೆ ಘನತೆ ಹೆಚ್ಚುವುದೇ?

ಉತ್ತರ: ಉತ್ತರಕ್ಕೆ ಮೊದಲು ಬರಹದ ಕ್ರಮದ ಬಗ್ಗೆ ಒಂದು ಮಾತು. ಇಲ್ಲಿ ಆಧುನಿಕ ಗ್ರೀಕ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ, ಗ್ರೀಕರು ಒತ್ತಿ ಉಚ್ಚರಿಸುವ ಸ್ವರವನ್ನು ದೀರ್ಘವಾಗಿ ತೋರಿಸಿದ್ದೇನೆ; ಪದದ ಕೊನೆಯ ಉಚ್ಚಾರಾಂಶದಲ್ಲಿ ಬರುವ ‘ಆ’ಕಾರ ಮಾತ್ರ ಒತ್ತನ್ನು ಸೂಚಿಸುವುದಿಲ್ಲ. ಗ್ರೀಕಿನಲ್ಲಿ ಒತ್ತು ತಪ್ಪಿದರೆ ಪದವೇ ತಪ್ಪುತ್ತದೆಯಾದ್ದರಿಂದ ಇದನ್ನು ಗಮನಿಸಿ ಓದಬೇಕೆಂದು ಕೋರುತ್ತೇನೆ.

ನಿಮ್ಮ ತೊಡಕಿನ ಮೂಲ ಗ್ರೀಕಿನಲ್ಲಿಲ್ಲ, ಇಂಗ್ಲಿಷಿನಲ್ಲಿದೆ. ಇಂಗ್ಲಿಷಿನವರು ಒಂದೇ ಕಾಗುಣಿತದಲ್ಲಿ ಬರೆಯುವ ಆ ಪದದೊಳಗೆ ಬಿಲ್ಲು, ಪಿಟೀಲಿನ ಕಮಾನು, ರಿಬ್ಬನ್ನಿನ ಗಂಟು, ತಲೆಬಾಗಿ ಮಾಡುವ ವಂದನೆ, ಹಡಗಿನ ಮುಂತುದಿ ಎಲ್ಲವೂ ಸೇರಿಕೊಂಡಿವೆ. ಕೊನೆಯ ಎರಡರ ಉಚ್ಚಾರಣೆ ಬೇರೆಯಾದರೂ ಪದಪಟ್ಟಿಯಲ್ಲಿ ಉಚ್ಚಾರಣೆ ಕೇಳಿಸುವುದಿಲ್ಲ. ಗ್ರೀಕಿನಲ್ಲಿ ಇವು ಐದೂ ಬೇರೆ ಬೇರೆ. ಬಾಣ ಬಿಡುವ ಬಿಲ್ಲು ‘ತೋಕ್ಸೊ’, ಪಿಟೀಲಿನದು ‘ದೊಕ್ಸಾರಿ’, ರಿಬ್ಬನ್ನಿನದು ‘ಫಿಯೋಂಗೊಸ್’, ವಂದನೆ ‘ಇಪೋಕ್ಲಿಸಿ’, ಹಡಗಿನ ಮುಂತುದಿ ‘ಪ್ಲೋರಿ’. ನಿಮ್ಮ ಪಟ್ಟಿಗೆ ಬೇಕಾದದ್ದು ಮೊದಲನೆಯದು ಮಾತ್ರ. ಎರಡನೆಯದು ಹುಟ್ಟಿದ್ದು ಮೊದಲನೆಯದರಿಂದಲೇ: ‘ಚಿಕ್ಕ ಬಿಲ್ಲು’ ಎಂಬರ್ಥದ ‘ತೊಕ್ಸಾರಿಯೊನ್’ ಎಂಬ ಹಳೆಯ ರೂಪ ಸವೆದು ‘ದೊಕ್ಸಾರಿ’ಯಾಗಿದೆ. ಜನಪದ ಹಾಡುಗಳಲ್ಲಿ ಆ ಪದಕ್ಕೆ ಆಯುಧದ ಅರ್ಥವೂ ಉಂಟು. ಆದರೆ ಇಂದಿನ ಅಂಗಡಿಯ ಪಟ್ಟಿಯಲ್ಲಿ ‘ದೊಕ್ಸಾರಿ’ ಎಂದು ಬರೆದರೆ ಕೊಳ್ಳಲು ಬರುವವರು ಸಂಗೀತಗಾರರು.

ಕನ್ನಡಿಗರಿಗೆ ಇದು ಅಪರಿಚಿತವಾಗಬೇಕಿಲ್ಲ. ನಾವು ಪಿಟೀಲಿಗೂ ಕಟ್ಟಡದ ಬಾಗಿಲಿಗೂ ಹೇಳುವ ‘ಕಮಾನು’ ಪಾರಸಿಯಲ್ಲಿ ಬಿಲ್ಲೆಂದೇ ಅರ್ಥ ಕೊಡುವ ಪದ. ಗ್ರೀಕಿನ ‘ತೋಕ್ಸೊ’ ಕೂಡ ಬಿಲ್ಲಿನಿಂದ ಕಟ್ಟಡದ ಕಮಾನಿಗೂ, ಅಲ್ಲಿಂದ ರೇಖಾಗಣಿತದ ಕಂಸಕ್ಕೂ, ವಿದ್ಯುತ್ತಿನ ಕಿಡಿಯ ಬಾಗಿಗೂ ಹೋಗಿದೆ. ಆಕಾಶದಲ್ಲಿ ಮೂಡುವುದು ‘ಉರಾನಿಯೊ ತೋಕ್ಸೊ’, ಅಂದರೆ ಬಾನಿನ ಬಿಲ್ಲು. ನಾವು ಅದನ್ನು ಕಾಮನ ಕೈಗೆ ಕೊಟ್ಟಿದ್ದೇವೆ, ಗ್ರೀಕರು ಆಕಾಶಕ್ಕೇ ಬಿಟ್ಟಿದ್ದಾರೆ. ಗಣಿತದಲ್ಲಿ ಹೋಲಿಕೆ ಇನ್ನೂ ಹತ್ತಿರವಾಗುತ್ತದೆ. ಗ್ರೀಕರ ಹೆದೆ ‘ಖೊರ್ದೀ’, ವೃತ್ತದ ಎರಡು ಬಿಂದುಗಳನ್ನು ಸೇರಿಸುವ ಗೆರೆಯೂ ‘ಖೊರ್ದೀ’. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅದೇ ಗೆರೆ ‘ಜ್ಯಾ’, ಸಂಸ್ಕೃತದಲ್ಲಿ ಜ್ಯಾ ಎಂದರೆ ಬಿಲ್ಲಿನ ಹೆದೆ.

‘ಆರ್ಚರಿ’ಗೆ ಬರೋಣ. ‘ತೊಕ್ಸೊವೊಲೀಯಾ’ ಎಂದೇ ಬರೆಯಿರಿ. ಗ್ರೀಸಿನ ರಾಷ್ಟ್ರೀಯ ಒಕ್ಕೂಟದ ಹೆಸರಿನಲ್ಲಿರುವುದೂ ಈ ಪದವೇ. ‘ಸ್ಕೊಪೊವೊಲೀ’ ಎಂಬುದು ಬಂದೂಕು, ಪಿಸ್ತೂಲುಗಳಿಂದ ಗುರಿ ಹೊಡೆಯುವ ಕ್ರೀಡೆ. ಎರಡೂ ಪದಗಳ ಕೊನೆಯಲ್ಲಿರುವುದು ಎಸೆತ ಎಂಬ ಅರ್ಥದ ಒಂದೇ ಧಾತು. ಮೊದಲನೆಯದರಲ್ಲಿ ಬಿಲ್ಲಿನ ಹೆಸರಿದೆ, ಎರಡನೆಯದರಲ್ಲಿ ಗುರಿಯ ಹೆಸರು. ಇಂಗ್ಲಿಷಿನ ‘ಆರ್ಚರಿ’ಯಲ್ಲಿ ಕಾಣುವ ‘ಆರ್ಚ್’ ಎಂಬ ಭಾಗ ಗ್ರೀಕಿನದೆಂದು ಭಾವಿಸುವ ವಿದ್ಯಾರ್ಥಿಗಳಿದ್ದಾರೆ. ಅದು ಬಿಲ್ಲೆಂಬ ಅರ್ಥದ ಲ್ಯಾಟಿನ್ ‘ಆರ್ಕುಸ್’ನಿಂದ ಬಂದದ್ದು, ‘ಆರ್ಚ್‌ಬಿಷಪ್’ನಲ್ಲಿರುವ, ಪ್ರಧಾನ ಎಂಬರ್ಥದ ಗ್ರೀಕ್ ಪೂರ್ವಪದಕ್ಕೂ ಅದಕ್ಕೂ ನಂಟಿಲ್ಲ.

ಬಿಲ್ಲುಗಾರ ‘ತೊಕ್ಸೋತಿಸ್’, ಬಿಲ್ಲುಗಾರ್ತಿ ‘ತೊಕ್ಸೋತ್ರಿಯಾ’. ಇಂಗ್ಲಿಷ್ ಪಟ್ಟಿಯಲ್ಲಿ ‘ಆರ್ಚರ್’ ಎಂದಷ್ಟೇ ಇರುತ್ತದೆ, ಗ್ರೀಕ್ ಲಿಂಗ ಕೇಳುತ್ತದೆ. ಮಹಿಳೆಯರ ಸಲಕರಣೆಯ ಪುಟದಲ್ಲಿ ಪುಲ್ಲಿಂಗ ಉಳಿದರೆ ಓದುವವರಿಗೆ ಮುಜುಗರವಾಗುತ್ತದೆ. ಬಾಣ ‘ವೇಲೊಸ್’, ಅದರ ಬಹುವಚನ ‘ವೇಲಿ’. ಪಟ್ಟಿಯನ್ನು ಗಣಕದಲ್ಲಿ ಸಂಖ್ಯೆಯೊಂದಿಗೆ ಜೋಡಿಸುವವರಿಗೆ ಈ ಎರಡು ರೂಪಗಳನ್ನೂ ಕೊಡಿ, ಇಲ್ಲವಾದರೆ 12 ಬಾಣಗಳ ಕಟ್ಟಿನ ಮೇಲೆ ‘12 ಬಾಣ’ ಎಂಬಂಥ ರೂಪ ಅಚ್ಚಾಗುತ್ತದೆ, ಗ್ರೀಕಿನಲ್ಲಿ ಅದು ಕನ್ನಡದಲ್ಲಿರುವಷ್ಟು ಸಹ್ಯವಲ್ಲ. ಬತ್ತಳಿಕೆ ‘ಫರೇತ್ರಾ’, ಗುರಿಹಲಗೆ ‘ಸ್ತೋಖೊಸ್’. ಪ್ರಾಚೀನ ಗ್ರೀಕಿನಲ್ಲಿ ಗುರಿಗೆ ‘ಸ್ಕೊಪೋಸ್’ ಎಂಬ ಪದವೂ ಇತ್ತು, ಈಗ ಅದರ ಮುಖ್ಯ ಅರ್ಥ ‘ಉದ್ದೇಶ’. ಗುರಿಯ ನಟ್ಟನಡುವಿಗೆ ಇಂಗ್ಲಿಷಿನವರು ಗೂಳಿಯ ಕಣ್ಣಿನ ಹೆಸರಿಟ್ಟಿದ್ದಾರೆ. ಗ್ರೀಕಿನಲ್ಲಿ ಅಲ್ಲಿ ಗೂಳಿಯೂ ಇಲ್ಲ, ಕಣ್ಣೂ ಇಲ್ಲ. ಗುರಿಯ ಕೇಂದ್ರ ಎಂದು ನೇರವಾಗಿ ಬರೆಯಬಹುದು, ನಟ್ಟನಡುವಿಗೆ ಬಡಿದ ಹೊಡೆತವನ್ನು ಮಾತಿನಲ್ಲಿ ‘ದಿಯಾನಾ’ ಎನ್ನುತ್ತಾರೆ.

ಕ್ರಿಯಾಪದಗಳಲ್ಲಿ ಹೆಚ್ಚು ಎಚ್ಚರ ಬೇಕು. ಇಂಗ್ಲಿಷಿನವರು ಬಾಣವನ್ನೂ ‘ಫೈರ್’ ಮಾಡುತ್ತಾರೆ. ನಿಘಂಟು ಅದಕ್ಕೆ ಕೊಡುವ ‘ಪಿರೊವೊಲೋ’ ಎಂಬ ಗ್ರೀಕ್ ಪದದೊಳಗೆ ಬೆಂಕಿ ಇದೆ. ಅದು ಗುಂಡು ಹಾರಿಸುವುದಕ್ಕೆ ಸಲ್ಲುವ ಮಾತು. ಕನ್ನಡದಲ್ಲಿ ಬಾಣವನ್ನು ಬಿಡುತ್ತೇವೆ, ಎಸೆಯುತ್ತೇವೆ, ಹಳಗನ್ನಡದಲ್ಲಾದರೆ ಎಸುತ್ತೇವೆ. ಗ್ರೀಕರೂ ಎಸೆಯುತ್ತಾರೆ, ‘ರೀಖ್ನೊ’ ಎಂದು. ‘ತೊಕ್ಸೇವೊ’ ಎಂಬ ಕ್ರಿಯಾಪದವೂ ಇದೆ, ಅದು ಸ್ವಲ್ಪ ಗಂಭೀರ. ಬಿಲ್ಲನ್ನು ಎಳೆಯುವುದಕ್ಕೆ ಇಂಗ್ಲಿಷಿನಲ್ಲಿ ಚಿತ್ರ ಬಿಡಿಸುವ ಪದವೇ ಇರುವುದರಿಂದ, ಯಂತ್ರಾನುವಾದ ಕೆಲವೊಮ್ಮೆ ಬಿಲ್ಲಿನ ಚಿತ್ರ ಬರೆಯಲು ಹೇಳಿಬಿಡುತ್ತದೆ; ಗ್ರೀಕಿನಲ್ಲಿ ಬಿಗಿಯಾಗಿ ಎಳೆ ಎಂಬರ್ಥದ ‘ತೆಂದೋನೊ’ ಬಳಸಿ. ನಾವು ‘ಬಾಣ ಹೂಡು’ ಎಂದು ಎರಡೇ ಪದಗಳಲ್ಲಿ ಮುಗಿಸುವುದನ್ನು ಗ್ರೀಕಿನಲ್ಲಿ ‘ಬಾಣವನ್ನು ಹೆದೆಯ ಮೇಲಿಡು’ ಎಂದು ಬಿಡಿಸಿ ಬರೆದರೆ ಯಾರಿಗೂ ಗೊಂದಲವಾಗದು. ಸ್ಪರ್ಧೆಯಲ್ಲಿ ಒಂದು ಸರದಿಗೆ ಬಿಡುವ ಬಾಣಗಳ ಗುಂಪನ್ನು ಇಂಗ್ಲಿಷಿನವರು ‘ಎಂಡ್’ ಎನ್ನುತ್ತಾರೆ. ಅದನ್ನು ಕೊನೆ ಎಂಬ ಅರ್ಥದ ‘ತೇಲೊಸ್’ ಎಂದು ಅನುವಾದಿಸಿದರೆ ಮೊದಲ ಸರದಿಯಲ್ಲೇ ಆಟ ಮುಗಿಯಿತೆಂದು ಓದುಗ ತಿಳಿಯುತ್ತಾನೆ; ಹೊಡೆತಗಳ ಸರಣಿ ಎಂದು ಬಿಡಿಸಿ ಬರೆಯುವುದೇ ಸರಿ.

ಈಗ ಬಿಲ್ಲಿನ ಬಗೆಗಳು. ನಿಘಂಟಿಗಿಂತ ಕ್ರೀಡಾಂಗಣದ ಮಾತೇ ಪ್ರಮಾಣವಾಗಬೇಕಾದ ಜಾಗ ಇದು. ತುದಿಗಳು ಹೊರಮುಖವಾಗಿ ಬಾಗಿರುವ ‘ರೀಕರ್ವ್’ ಬಿಲ್ಲನ್ನು ಗ್ರೀಸಿನ ಸ್ಪರ್ಧೆಗಳಲ್ಲಿ ‘ಒಲಿಂಪಿಯಕೋ ತೋಕ್ಸೊ’, ಅಂದರೆ ಒಲಿಂಪಿಕ್ ಬಿಲ್ಲು ಎನ್ನುತ್ತಾರೆ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರದ, 122 ಸೆಂಟಿಮೀಟರ್ ಅಗಲದ ಗುರಿಗೆ ಹೊಡೆಯುವುದು ಆ ಬಿಲ್ಲಿನಿಂದಲೇ. ಗುರಿಕಣ್ಣು ಮೊದಲಾದ ಯಾವ ಜೋಡಣೆಯೂ ಇಲ್ಲದ ಬಿಲ್ಲು ‘ಗಿಮ್ನೋ ತೋಕ್ಸೊ’, ಬೆತ್ತಲೆ ಬಿಲ್ಲು. ರಾಟೆಗಳಿರುವ ‘ಕಾಂಪೌಂಡ್’ ಬಿಲ್ಲು ‘ಸೀಂಥೆತೊ ತೋಕ್ಸೊ’. ತೊಡಕಿರುವುದು ಈ ಕೊನೆಯದರಲ್ಲಿ. ‘ಸೀಂಥೆತೊ’ ಎಂದರೆ ಹಲವು ಭಾಗಗಳಿಂದ ಕೂಡಿದ್ದು ಎಂದರ್ಥ. ಮರ, ಕೊಂಬು, ನರಗಳನ್ನು ಅಂಟಿಸಿ ಮಾಡುತ್ತಿದ್ದ ಪ್ರಾಚೀನ ಬಿಲ್ಲಿಗೂ ಇತಿಹಾಸಕಾರರು ಇದೇ ಪದವನ್ನು ಬಳಸುತ್ತಾರೆ. ಇಂಗ್ಲಿಷಿನಲ್ಲಿ ‘ಕಾಂಪೌಂಡ್’ ಮತ್ತು ‘ಕಾಂಪೋಸಿಟ್’ ಎಂದು ಬೇರೆಯಾಗಿರುವ ಎರಡು ವಸ್ತುಗಳು ಗ್ರೀಕಿನಲ್ಲಿ ಒಂದೇ ಹೆಸರಿಗೆ ಬಂದು ನಿಲ್ಲುತ್ತವೆ. ರಾಟೆಯ ಬಿಲ್ಲಿಗೆ ಅಮೆರಿಕದ ಹೋಲೆಸ್ ವಿಲ್ಬರ್ ಅಲೆನ್ ಪೇಟೆಂಟ್ ಪಡೆದದ್ದು 1969ರಲ್ಲಿ. ಕೊಂಬಿನ ಬಿಲ್ಲಿಗೆ ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ವಯಸ್ಸು. ಇವೆರಡೂ ನಿಮ್ಮ ಪಟ್ಟಿಯಲ್ಲಿದ್ದರೆ, ಮೊದಲನೆಯದಕ್ಕೆ ರಾಟೆಯ ಪ್ರಸ್ತಾಪವನ್ನೂ ಎರಡನೆಯದಕ್ಕೆ ಕೊಂಬು ಮತ್ತು ಮರದ ಪ್ರಸ್ತಾಪವನ್ನೂ ಸೇರಿಸಲೇಬೇಕು.

ಇನ್ನೊಂದು ಬದಲಾವಣೆ ಹತ್ತಿರದಲ್ಲಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಬಿಲ್ಲಿನ ಮಿಶ್ರ ತಂಡ ಸ್ಪರ್ಧೆ ಸೇರ್ಪಡೆಯಾಗಿದೆ. ಆಗ ‘ಒಲಿಂಪಿಕ್ ಬಿಲ್ಲು’ ಎಂಬ ಹೆಸರು ರೀಕರ್ವ್ ಒಂದನ್ನೇ ಸೂಚಿಸುತ್ತದೆ ಎನ್ನುವುದು ವಸ್ತುಸ್ಥಿತಿಗೆ ಹೊಂದುವುದಿಲ್ಲ. ಆದರೂ ಬಳಕೆ ಬದಲಾಗುವವರೆಗೆ ಅನುವಾದಕರು ತಾವೇ ಹೊಸ ಪದ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಹೆಸರಿನ ಪಕ್ಕದಲ್ಲಿ ಚಿತ್ರವನ್ನೋ ಚಿಕ್ಕ ವಿವರಣೆಯನ್ನೋ ಹಾಕಿಸಿ.

ಇದೇ ಕಾರಣಕ್ಕೆ, ಹೋಮರನ ಪದಗಳ ಬಗ್ಗೆ ನೀವು ಕೇಳಿದ್ದಕ್ಕೆ ನನ್ನ ಉತ್ತರ ಸ್ಪಷ್ಟವಾಗಿ ‘ಬೇಡ’ ಎಂದೇ. ಆ ಪದಗಳು ಸುಂದರವಾಗಿವೆ ಎಂಬುದರಲ್ಲಿ ಎರಡು ಮಾತಿಲ್ಲ. ಅವನ ಬಿಲ್ಲಿಗೆ ‘ಪಲಿಂತೊನೊಸ್’, ಹಿಂದಕ್ಕೆ ಬಾಗಿದ್ದು, ಎಂಬ ವಿಶೇಷಣವಿದ್ದು ರೀಕರ್ವ್‌ಗೆ ಹೇಳಿ ಮಾಡಿಸಿದಂತಿದೆ. ಹೆದೆಗೆ ಅವನು ಬಳಸುವ ‘ನೆವುರೆ’ ಎಂಬುದು ನರ ಎಂಬ ಅರ್ಥದ ಪದಕ್ಕೆ ಸೇರಿದ್ದು, ನಮಗೆ ತಿಳಿದಿರುವ ‘ನ್ಯೂರಾನ್’ ಅದೇ ಕುಟುಂಬದ್ದು. ಹೆದೆಯನ್ನು ಪ್ರಾಣಿಗಳ ನರದಿಂದ ಹೊಸೆಯುತ್ತಿದ್ದ ಕಾಲದ ಗುರುತು ಅದರಲ್ಲಿ ಉಳಿದಿದೆ. ಅವನ ‘ಒಡಿಸ್ಸಿ’ ಮಹಾಕಾವ್ಯದ 21ನೆಯ ಸರ್ಗದಲ್ಲಿ, ಯಾರಿಂದಲೂ ಹೆದೆಯೇರಿಸಲಾಗದ ಬಿಲ್ಲಿಗೆ ಒಡಿಸ್ಯೂಸ್ ಹೆದೆಯೇರಿಸಿ ಬೆರಳಿನಿಂದ ಮೀಟಿದಾಗ ಅದು ಕವಲುಬಾಲದ ಹಕ್ಕಿಯ ದನಿಯಲ್ಲಿ ಹಾಡಿತಂತೆ. ಶಿವಧನುಸ್ಸಿನ ಕಥೆ ಕೇಳಿ ಬೆಳೆದ ನಮಗೆ ಆ ಸನ್ನಿವೇಶ ತೀರ ಆಪ್ತವಾದದ್ದು. ಆದರೆ ಅದು ಕಾವ್ಯದ ಅನುವಾದಕ್ಕೆ ಇರಲಿ. ಅಥೆನ್ಸಿನ ಯುವಕನೊಬ್ಬ ಹೆದೆ ಕೊಳ್ಳಲು ಬಂದಾಗ ‘ಖೊರ್ದೀ’ ಎಂದು ಹುಡುಕುತ್ತಾನೆ. ‘ನೆವುರೆ’ ಎಂದಿದ್ದರೆ ಅವನಿಗೆ ಸಿಗುವುದಿಲ್ಲ. 2004ರಲ್ಲಿ ಒಲಿಂಪಿಕ್ ಬಿಲ್ಲುಗಾರಿಕೆ ಅಥೆನ್ಸಿನ ಅಮೃತಶಿಲೆಯ ಪ್ರಾಚೀನ ಪನಥೆನಾಯಿಕ್ ಕ್ರೀಡಾಂಗಣದಲ್ಲಿ ನಡೆದಾಗಲೂ, ಸುತ್ತ ಪ್ರಾಚೀನತೆಯೇ ತುಂಬಿದ್ದರೂ, ಕ್ರೀಡೆಯ ಹೆಸರು ‘ತೊಕ್ಸೊವೊಲೀಯಾ’ ಎಂದೇ ಇತ್ತು.

ಪ್ರಶ್ನೆ: ‘ಟಾಕ್ಸಿಕ್’ ಎಂಬ ಇಂಗ್ಲಿಷ್ ಪದಕ್ಕೂ ಗ್ರೀಕ್ ಬಿಲ್ಲಿಗೂ ಸಂಬಂಧವಿದೆ ಎಂದು ಓದಿದೆ. ಬಿಲ್ಲಿನಿಂದ ವಿಷ ಹೇಗೆ ಬಂತು?

ಉತ್ತರ: ಸಂಬಂಧ ನಿಜ. ಪ್ರಾಚೀನ ಗ್ರೀಕರು ಬಾಣದ ಮೊನೆಗೆ ಹಚ್ಚುವ ವಿಷವನ್ನು ‘ತೊಕ್ಸಿಕೊನ್ ಫಾರ್ಮಕೊನ್’ ಎಂದರು; ಅದರ ಅರ್ಥ ‘ಬಿಲ್ಲಿಗೆ ಸಂಬಂಧಿಸಿದ ಮದ್ದು’ ಎಂದಷ್ಟೇ. ಕಾಲಕ್ರಮದಲ್ಲಿ ಮದ್ದು ಎಂಬ ಪದ ಬಿದ್ದುಹೋಗಿ, ಬಿಲ್ಲಿನ ವಿಶೇಷಣವೇ ವಿಷದ ಹೆಸರಾಯಿತು, ಲ್ಯಾಟಿನ್ನಿನ ಮೂಲಕ ಇಂಗ್ಲಿಷಿಗೂ ಬಂತು. ಉಳಿದ ಅರ್ಧವಾದ ‘ಫಾರ್ಮಕೊನ್’ ಔಷಧದಂಗಡಿಯ ಹೆಸರಿನಲ್ಲಿ ಬೇರೆ ದಾರಿ ಹಿಡಿಯಿತು. ಇದರಿಂದ ಮೊದಲ ಪ್ರಶ್ನೆ ಕೇಳಿದವರಿಗೂ ಒಂದು ಎಚ್ಚರಿಕೆ ಹೇಳಬೇಕಾಗಿದೆ. ಆಧುನಿಕ ಗ್ರೀಕಿನಲ್ಲಿ ‘ತೊಕ್ಸಿಕೋಸ್’ ಎಂದರೆ ವಿಷಕಾರಿ. ಬಿಲ್ಲುಗಾರಿಕೆಯ ಸಲಕರಣೆ ಎನ್ನಲು ‘ತೋಕ್ಸೊ’ದಿಂದ ತಾವೇ ವಿಶೇಷಣವೊಂದನ್ನು ಕಟ್ಟಿದರೆ ಅಂಗಡಿಯ ಸರಕೆಲ್ಲ ವಿಷವಾಗುತ್ತದೆ. ‘ಎಕ್ಸೊಪ್ಲಿಜ್ಮೋಸ್ ತೊಕ್ಸೊವೊಲೀಯಾಸ್’ ಎಂದು ಷಷ್ಠೀ ವಿಭಕ್ತಿಯಲ್ಲಿ, ಬಿಲ್ಲುಗಾರಿಕೆಯ ಸಲಕರಣೆ ಎಂದೇ ಬರೆಯಬೇಕು.

ಇದಕ್ಕಿಂತಲೂ ನನಗೆ ಪ್ರಿಯವಾದ ಜೋಡಿಯೊಂದಿದೆ. ಪ್ರಾಚೀನ ಗ್ರೀಕಿನಲ್ಲಿ ‘ಇಯೊಸ್’ ಎಂಬ ಒಂದೇ ರೂಪಕ್ಕೆ ಬಾಣ ಎಂಬ ಅರ್ಥವೂ ವಿಷ ಎಂಬ ಅರ್ಥವೂ ಇದ್ದವು. ಒಂದರಿಂದ ಇನ್ನೊಂದು ಬಂದಿರಬೇಕೆಂದು ಅನ್ನಿಸುವುದು ಸಹಜ, ಆದರೆ ಇವು ಹುಟ್ಟಿನಿಂದಲೇ ಬೇರೆಯಾದ ಎರಡು ಪದಗಳು. ಬಾಣದ ‘ಇಯೊಸ್’ ಸಂಸ್ಕೃತದ ‘ಇಷು’ವಿನ ಬಂಧು, ವಿಷದ ‘ಇಯೊಸ್’ ಸಂಸ್ಕೃತದ ‘ವಿಷ’ ಮತ್ತು ಲ್ಯಾಟಿನ್ನಿನ ‘ವೈರಸ್’ ಪದಗಳ ಬಂಧು. ಗ್ರೀಕಿನಲ್ಲಿ ಸವೆದು ಒಂದಾದವು ನಮ್ಮಲ್ಲಿ ಬೇರೆಯಾಗಿಯೇ ಉಳಿದಿವೆ. ಇಂದಿನ ಗ್ರೀಕ್ ಪತ್ರಿಕೆಯಲ್ಲಿ ಆ ಪದ ಕಂಡರೆ ಅದರ ಅರ್ಥ ವೈರಸ್. ಬಾಣದ ಅರ್ಥ ಅದಕ್ಕೆ ಈಗಿಲ್ಲ.

ಪ್ರಶ್ನೆ: ನಮ್ಮ ಧನು ರಾಶಿಯನ್ನು ಗ್ರೀಕರು ಏನೆನ್ನುತ್ತಾರೆ?

ಉತ್ತರ: ‘ತೊಕ್ಸೋತಿಸ್’, ಅಂದರೆ ಬಿಲ್ಲುಗಾರ. ನಾವು ಬಿಲ್ಲನ್ನು ಹೆಸರಿಸುತ್ತೇವೆ, ಅವರು ಬಿಲ್ಲು ಹಿಡಿದವನನ್ನು ಹೆಸರಿಸುತ್ತಾರೆ. ಜ್ಯೋತಿಷ್ಯದ ಬರಹವನ್ನು ಅನುವಾದಿಸುವಾಗ ‘ತೋಕ್ಸೊ’ ಎಂದು ಬಿಲ್ಲನ್ನಷ್ಟೇ ಬರೆದರೆ ಗ್ರೀಕ್ ಓದುಗನಿಗೆ ಅದು ರಾಶಿಯೆಂದು ತಿಳಿಯುವುದಿಲ್ಲ. ಈ ಗ್ರೀಕ್ ಪದ ಭಾರತಕ್ಕೂ ಬಂದಿತ್ತು: ಆರನೆಯ ಶತಮಾನದ ವರಾಹಮಿಹಿರನು ಬೃಹಜ್ಜಾತಕದಲ್ಲಿ ರಾಶಿಗಳಿಗೆ ಕೊಡುವ ಪರ್ಯಾಯ ಹೆಸರುಗಳಲ್ಲಿ ಧನುವಿಗೆ ‘ತೌಕ್ಷಿಕ’ ಎಂದಿದೆ, ಅದು ‘ತೊಕ್ಸೋತಿಸ್’ ಪದದ ಸಂಸ್ಕೃತ ರೂಪ.