ಡಬ್ಲಿನ್‌ನಲ್ಲಿ ಮನೆ ಸುತ್ತಮುತ್ತ ಫೋಟೋ ತೆಗೆದರೆ ಆಕಾಶ ಬೆಳ್ಳಗೆ, ಬೀದಿ ಮಂಕಾಗಿ ಬರುತ್ತದೆ. ಏನು ಮಾಡಲಿ?

ಕ್ಯಾಮೆರಾ ಬದಲಿಸುವ ಅಗತ್ಯವಿಲ್ಲ. ಮೋಡ ಮುಚ್ಚಿದ ದಿನ ಆಕಾಶಕ್ಕೂ ನೆಲಕ್ಕೂ ಬೆಳಕಿನ ಅಂತರ ಬಹಳ. ಎರಡನ್ನೂ ಒಂದೇ ಚಿತ್ರದಲ್ಲಿ ತುರುಕಿದರೆ ಒಂದು ಕೆಡುತ್ತದೆ. ಅಂಥ ದಿನ ಆಕಾಶವನ್ನು ಬಿಟ್ಟೇಬಿಡಿ. ಇಟ್ಟಿಗೆ ಮನೆಗಳ ಸಾಲು, ಬಣ್ಣದ ಬಾಗಿಲುಗಳು, ಬಾಗಿಲ ಮುಂದಿಟ್ಟ ಕಸದ ಡಬ್ಬಿಗಳು, ಮೂರ್ ಸ್ಟ್ರೀಟ್‌ನ ಹಣ್ಣಿನ ಅಂಗಡಿಗಳು (ಮಾರುವವರನ್ನು ಒಂದು ಮಾತು ಕೇಳಿ), ಇವಕ್ಕೆಲ್ಲ ಮೋಡದ ಬೆಳಕೇ ಒಳ್ಳೆಯದು. ಆಕಾಶ ಬೇಕೇ ಬೇಕೆಂದರೆ ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ತೆಗೆಯಿರಿ, ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) ಮೈನಸ್ 0.7 ಅಥವಾ 1ಕ್ಕೆ ಇಳಿಸಿ. ಕತ್ತಲಾದ ನೆಲವನ್ನು ಆಮೇಲೆ ಬೆಳಗಿಸಬಹುದು, ಪೂರ್ತಿ ಬೆಳ್ಳಗೆ ಸುಟ್ಟುಹೋದ ಆಕಾಶವನ್ನು ಮರಳಿ ತರಲಾಗದು.

ಒಂದೇ ಫಿಲ್ಟರ್ ಕೊಳ್ಳುವುದಾದರೆ ಪೋಲರೈಸರ್ ಕೊಳ್ಳಿ, ಲೆನ್ಸ್ ಮುಂದೆ ಹಾಕಿ ತಿರುಗಿಸಿ ಹೊಳಪು ಕಡಿಮೆ ಮಾಡುವ ಗಾಜು ಅದು. ಮಳೆ ನಿಂತ ಕೂಡಲೇ ಎಲೆ, ಕಲ್ಲು, ಹುಲ್ಲಿನ ಮೇಲೆ ಬಿಳಿ ಹೊಳಪು ಕೂತಿರುತ್ತದೆ. ಬಣ್ಣ ಸತ್ತಂತೆ ಕಾಣುವುದು ಅದರಿಂದಲೇ. ಫಿಲ್ಟರ್ ತಿರುಗಿಸಿದರೆ ಹಸಿರು ಎದ್ದು ಬರುತ್ತದೆ. ಆದರೆ ಸುಮಾರು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ಬೆಳಕು ಹೋಗುತ್ತದೆ, ಅಷ್ಟು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿಕೊಳ್ಳಬೇಕು. ನಡೆಯುವ ಜನ ಚಿತ್ರದಲ್ಲಿದ್ದರೆ ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನವಾಗದಿರಲಿ.

ಚಳಿಗಾಲದ ಬಿಸಿಲಿನ ಲೆಕ್ಕ ನಮ್ಮೂರಿನಂತಲ್ಲ. ಡಿಸೆಂಬರ್ ಕೊನೆಯಲ್ಲಿ ಡಬ್ಲಿನ್‌ನ ಸೂರ್ಯ ನಡುಮಧ್ಯಾಹ್ನವೂ ಸುಮಾರು 13 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. 10 ಮೀಟರ್ ಮನೆಯ ನೆರಳು 40 ಮೀಟರ್ ದಾಟುತ್ತದೆ. ಪೂರ್ವ-ಪಶ್ಚಿಮವಾಗಿ ಸಾಗುವ ಇಕ್ಕಟ್ಟಿನ ಬೀದಿಗಳ ನೆಲಕ್ಕೆ ಆ ಹೊತ್ತಿನಲ್ಲಿ ಬಿಸಿಲೇ ತಾಗದು. ಹಾಗಾಗಿ ಮಧ್ಯಾಹ್ನ ಉತ್ತರ-ದಕ್ಷಿಣವಾಗಿರುವ ಬೀದಿ ಹುಡುಕಿ. ಸೂರ್ಯ ಹೀಗೆ ಕೆಳಗಿರುವುದರಲ್ಲಿ ಲಾಭವೂ ಇದೆ. ಸೂರ್ಯ 42 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ನೆಲದಿಂದ ಕಾಮನಬಿಲ್ಲು ಕಾಣುತ್ತದೆ. ಬೆಂಗಳೂರಿನಲ್ಲಿ ನಡುಮಧ್ಯಾಹ್ನ ಸೂರ್ಯ ವರ್ಷದ ಯಾವ ದಿನವೂ ಅಷ್ಟು ಕೆಳಗಿಳಿಯುವುದಿಲ್ಲ. ಡಬ್ಲಿನ್‌ನಲ್ಲಿ ಸೆಪ್ಟೆಂಬರ್ ನಡುವಿನಿಂದ ಮಾರ್ಚ್ ಕೊನೆವರೆಗೆ ಹನ್ನೆರಡು ಗಂಟೆಗೂ ಬಿಲ್ಲು ಮೂಡಬಹುದು. ಐರ್ಲೆಂಡಿನ ಹವಾಮಾನ ಇಲಾಖೆ ಮೆಟ್ ಏರನ್ ಆ್ಯಪ್‌ನ ಮಳೆ ರೇಡಾರ್‌ನಲ್ಲಿ ಮೋಡದ ತುಂಡುಗಳ ನಡುವೆ ಖಾಲಿ ಜಾಗವಿದ್ದರೆ ಹೊರಡಿ, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ಪೋಲರೈಸರ್ ತಪ್ಪು ಕೋನಕ್ಕೆ ತಿರುಗಿದ್ದರೆ ಬಿಲ್ಲು ಚಿತ್ರದಿಂದಲೇ ಮಾಯವಾಗುತ್ತದೆ, ನೋಡಿಕೊಳ್ಳಿ.

ಕಡಲ ದಂಡೆಗೆ ಸ್ಯಾಂಡಿಮೌಂಟ್ ಸಾಕು. ಪೂಲ್‌ಬೆಗ್‌ನ ಹಳೆಯ ವಿದ್ಯುತ್ ಸ್ಥಾವರದ ಕೆಂಪು-ಬಿಳುಪು ಪಟ್ಟೆಯ ಎರಡು ಚಿಮಣಿಗಳು 207 ಮೀಟರ್ ಎತ್ತರ, ಅಲ್ಲಿಂದ ಈಶಾನ್ಯದ ಕಡೆ ಕಾಣುತ್ತವೆ. ಚಳಿಗಾಲದಲ್ಲಿ ಮೂರು ಗಂಟೆಯ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ನೇರ ಅವುಗಳ ಮೇಲೆ ಬೀಳುತ್ತದೆ. ಉಬ್ಬರ ಇಳಿಯತೊಡಗಿದ ಮೇಲೆ ಮರಳಿನ ಮೇಲೆ ನೀರಿನ ತೆಳುಪದರ ಉಳಿದಿರುತ್ತದೆ. ಪ್ರತಿಬಿಂಬ ಬೇಕೆಂದರೆ ಆಗಲೇ ಹೋಗಬೇಕು, ಕ್ಯಾಮೆರಾ ನೆಲದಿಂದ ಒಂದಡಿಗೆ ಇಳಿಸಬೇಕು. ಉಬ್ಬರದ ವೇಳೆ ದಿನಕ್ಕೆ ಸರಾಸರಿ 50 ನಿಮಿಷ ಮುಂದೆ ಹೋಗುವುದರಿಂದ ನಿನ್ನೆಯ ಗಡಿಯಾರ ನಂಬಬೇಡಿ. ನೀರು ಏರುವಾಗ ದೂರ ಹೋಗಲೇಬೇಡಿ. ದಂಡೆ ಬಲು ಚಪ್ಪಟೆ, ತಗ್ಗುಗಳಲ್ಲಿ ನೀರು ಮೊದಲು ನಿಮ್ಮ ಹಿಂದೆ ತುಂಬಿಕೊಳ್ಳುತ್ತದೆ.

ಗಾಳಿಗೆ ಟ್ರೈಪಾಡ್ ಅಲುಗುತ್ತದೆ, ಅದರ ನಡುಗಂಬ ಎತ್ತಬೇಡಿ. ಲೆನ್ಸ್ ಮೇಲಿನ ಉಪ್ಪುಹನಿಯನ್ನು ಒಣಬಟ್ಟೆಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ, ಮೊದಲು ತುಸು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಮನೆಗೆ ಬಂದೊಡನೆ ಕ್ಯಾಮೆರಾ ತೆಗೆದರೆ ಹೀಟರ್ ಬೆಚ್ಚಗೆ ಮಾಡಿದ ಗಾಳಿಯ ತೇವ ಒಳಗೂ ಹೊರಗೂ ಕೂರುತ್ತದೆ. ಒಂದು ಗಂಟೆ ಬ್ಯಾಗಿನ ಜಿಪ್ ಹಾಕಿಯೇ ಇಡಿ. ಫೋಟೋ ನೋಡುವ ಆತುರವಿದ್ದರೆ ಬಾಗಿಲ ಹೊರಗೇ ಕಾರ್ಡ್ ತೆಗೆದು ಜೇಬಿಗೆ ಹಾಕಿಕೊಳ್ಳಿ.